ಫ್ರೀಡಂ ಪಾರ್ಕಿನಲ್ಲಿ ಬಿಚ್ಚಿದ ಪಾಸ್‌ಬುಕ್‌ಗಳು

ಬೆಂಗಳೂರಲ್ಲಿ ಧರಣಿ ಅಂದರೆ ಫ್ರೀಡಂ ಪಾರ್ಕ್. ಹಿಂದೆ ಅದು ಜೈಲಾಗಿತ್ತು. ಈಗ ನ್ಯಾಯ ಕೇಳೋಕೆ ಅದರೊಳಗೇ ಹೋಗಿ ಕೂರಬೇಕು, ಏನು ತಮಾಷೆ ನೋಡಿ. 2025ರ ಜನವರಿಯಲ್ಲಿ ರಾಜ್ಯದ ಆಶಾಗಳು, ಅಂದರೆ ಊರಲ್ಲಿ ಮನೆಮನೆಗೆ ಹೋಗಿ ಬಸುರಿ, ಬಾಣಂತಿ, ಮಕ್ಕಳ ಆರೋಗ್ಯ ನೋಡೋ ಕಾರ್ಯಕರ್ತೆಯರು, ಅಲ್ಲಿ ಹಗಲೂ ರಾತ್ರಿ ಕೂತೆವು. ತಿಂಗಳಿಗೆ 15,000 ರೂಪಾಯಿ ಖಚಿತವಾಗಿ ಕೊಡಿ ಅನ್ನೋದು ಮುಖ್ಯ ಬೇಡಿಕೆ.

ಹಗಲು ಭಾಷಣ, ಘೋಷಣೆ. ಅದನ್ನೆಲ್ಲ ಪೇಪರಿನವರು ಬರೆದರು. ನನಗೆ ನೆನಪಿರೋದು ರಾತ್ರಿ. ಚಳಿಗೆ ನಿದ್ದೆ ಬರದೆ, ಒಂದೇ ಕಂಬಳಿ ಹೊದ್ದು ಮಾತಿಗೆ ಕೂತಿದ್ದೆವು. ಪಕ್ಕದಲ್ಲಿ ರಾಯಚೂರು ಕಡೆಯ ಒಬ್ಬ ಅಕ್ಕ. ಬ್ಯಾಗಿಂದ ಪಾಸ್‌ಬುಕ್ ತೆಗೆದು, "ನಿಮಗೂ ಹಿಂಗೇ ಆಗ್ತದೇನ್ರಿ?" ಎಂದು ಕೇಳಿದರು.

ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ ನಾವು ಆರು ಸಲ ಹೋಗಬೇಕು. 3, 7, 14, 21, 28, 42ನೇ ದಿನ. ಮಗುವಿನ ತೂಕ ನೋಡಬೇಕು, ಜ್ವರ ನೋಡಬೇಕು, ಹಾಲು ಕುಡಿಯುತ್ತಾ ಕೇಳಬೇಕು. ಎಲ್ಲ ಮುಗಿಸಿದರೆ 250 ರೂಪಾಯಿ. ಆದರೆ ಕೆಲಸ ಮಾಡಿದರೆ ಸಾಲದು, ಅದು ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ಎಂಟ್ರಿ ಆಗಬೇಕು. ಆಗದಿದ್ದರೆ ಆ ದುಡ್ಡು ಇಲ್ಲ. ಆ ಅಕ್ಕನಿಗೆ ಇಬ್ಬರು ಬಾಣಂತಿಯರದು ಬಂದಿರಲಿಲ್ಲ. ನನಗೂ ಅಷ್ಟೇ. ಹಿಂದೆ ಕೂತಿದ್ದ ಮಂಡ್ಯದವರು "ತೋರ್ಸಿ, ತೋರ್ಸಿ" ಎಂದು ಬಗ್ಗಿದರು. ಅವರದೂ ಅದೇ ಕಥೆ. ಮೊಬೈಲ್ ಟಾರ್ಚ್ ಬೆಳಕಲ್ಲಿ ಒಬ್ಬೊಬ್ಬರೂ ಲೆಕ್ಕ ಬಿಚ್ಚಿದರು. ಅಲ್ಲಿವರೆಗೆ ಪ್ರತಿಯೊಬ್ಬಳೂ 'ನನ್ನ ಫಾರಂ ಸರಿ ಇರಲಿಲ್ಲವೇನೋ' ಎಂದು ಸುಮ್ನೆ ಇದ್ದವಳೇ. ನನ್ನ ಪ್ರಕಾರ ಸಂಘಟನೆ ಅನ್ನೋದು ನಡೆದದ್ದು ಅಲ್ಲಿ, ವೇದಿಕೆ ಮೇಲಲ್ಲ.

ಹಾಗೆಯೇ ಮೈಯ ಮಾತೂ ಬಂತು. ಬಿಪಿ, ಮಂಡಿನೋವು, ನಿಲ್ಲದ ಮುಟ್ಟು. ಶೌಚಾಲಯಕ್ಕೆ ಸಾಲು ನಿಲ್ಲಬೇಕಲ್ಲ ಎಂದು ಸುಮಾರು ಜನ ನೀರೇ ಕುಡಿದಿರಲಿಲ್ಲ. ಊರಲ್ಲಿ ಬಸುರಿಯರಿಗೆ "ನೀರು ಜಾಸ್ತಿ ಕುಡೀರಮ್ಮ" ಎನ್ನುವವರು ನಾವೇ! 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. ಸಂತೋಷ. ಆದರೆ ನಮ್ಮ ಬಿಪಿ ನೋಡೋರು ಯಾರು?

ಜನವರಿ 10ಕ್ಕೆ ಮುಖ್ಯಮಂತ್ರಿ ಜೊತೆ ಮಾತುಕತೆ ಆಯಿತು. ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ಎಂಬ ಭರವಸೆ ಸಿಕ್ಕಿತು. ಧರಣಿ ಮುಗಿಸಿ ಎದ್ದೆವು. ಮಾತು ಜಾರಿಯಾಗಲಿಲ್ಲ ಎಂದು ಆಗಸ್ಟ್‌ನಲ್ಲಿ ಮತ್ತೆ ಹೋರಾಟಕ್ಕೆ ಇಳಿಯಬೇಕಾಯಿತು, ಅದು ಬೇರೆ ಮಾತು.

ಊರಿಗೆ ಬಂದ ಮೇಲೆ ತಿಂಗಳ ಮೀಟಿಂಗ್‌ನಲ್ಲಿ ನಾವೆಲ್ಲ ಪಾಸ್‌ಬುಕ್ ಮೇಜಿನ ಮೇಲಿಟ್ಟು ಒಟ್ಟಿಗೇ ಕೇಳಿದೆವು. ಮೊದಲು ಗೊಣಗಾಟ. ಆಮೇಲೆ ಆರೋಗ್ಯ ಕೇಂದ್ರದವರು, ಇನ್ನು ಮುಂದೆ ಲೆಕ್ಕ ಕಳಿಸುವ ಮೊದಲು ಎಂಟ್ರಿಯನ್ನು ನಿಮಗೆ ತೋರಿಸುತ್ತೇವೆ ಎಂದು ಒಪ್ಪಿದರು. ಹಳೇ ಬಾಕಿ ಇನ್ನೂ ಕೇಳುತ್ತಲೇ ಇದ್ದೇವೆ.