ಟರ್ಬೊ ಪೆಟ್ರೋಲ್ ಕಾರಿನ ಮೈಲೇಜ್ ಬಿದ್ದಾಗ ಎಲ್ಲಿಂದ ಹುಡುಕಬೇಕು

1 ಲೀಟರ್, 1.2 ಲೀಟರ್ ಟರ್ಬೊ ಪೆಟ್ರೋಲ್ ಕಾರುಗಳ ಮೈಲೇಜ್ ಇಳಿಯಿತು ಎಂದು ಗ್ಯಾರೇಜಿಗೆ ಹೋದರೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ. "ಟರ್ಬೊ ಅಂದ್ಮೇಲೆ ಕುಡಿಯುತ್ತೆ ಸಾರ್", ಇಲ್ಲವೇ "ಇಂಜೆಕ್ಟರ್ ಕ್ಲೀನಿಂಗ್ ಮಾಡಿಸಿಬಿಡಿ". ಎರಡರಲ್ಲೂ ಪತ್ತೆ ಹಚ್ಚುವ ಕೆಲಸ ನಡೆದಿರುವುದಿಲ್ಲ. ಕೇಳಬೇಕಾದ್ದು ಇದು: ಹೆಚ್ಚುವರಿ ಪೆಟ್ರೋಲ್ ಯಾವ ಹೊತ್ತಿನಲ್ಲಿ ಹೋಗುತ್ತಿದೆ? ಗಾಡಿ ನಿಂತಾಗಲೋ, ಒಂದೇ ವೇಗದಲ್ಲಿ ಸಾಗುವಾಗಲೋ, ಬೂಸ್ಟ್ (ಟರ್ಬೊ ಒತ್ತಿ ತುಂಬುವ ಗಾಳಿಯ ಒತ್ತಡ) ಏರಿದಾಗಲೋ? ಇದು ತಿಳಿದರೆ ಅನುಮಾನದ ಪಟ್ಟಿ ಎರಡು ಮೂರು ಭಾಗಗಳಿಗೆ ಇಳಿಯುತ್ತದೆ.

ಅದಕ್ಕೂ ಮೊದಲು ಮೈಲೇಜ್ ನಿಜಕ್ಕೂ ಬಿದ್ದಿದೆಯೇ ನೋಡಿ. ಡ್ಯಾಶ್‌ಬೋರ್ಡಿನ ಲೆಕ್ಕ ಹೆಚ್ಚಿನ ಕಾರುಗಳಲ್ಲಿ ಉದಾರಿ; ವಾಸ್ತವಕ್ಕಿಂತ ಶೇ 5ರಿಂದ 10ರಷ್ಟು ಜಾಸ್ತಿ ತೋರಿಸುವುದು ಸಾಮಾನ್ಯ. ಒಂದೇ ಬಂಕ್, ಆದಷ್ಟೂ ಒಂದೇ ಪಂಪ್, ನಳಿಕೆ ಮೊದಲ ಸಲ ತಾನಾಗಿ ಕಟ್ ಆದಲ್ಲಿಗೆ ನಿಲ್ಲಿಸಿ. ಆಮೇಲೆ ತುಳುಕುವವರೆಗೆ ತುಂಬಿಸಬೇಡಿ. ಅದು ಲೆಕ್ಕ ಕೆಡಿಸುವುದಲ್ಲದೆ ಇಂಧನ ಆವಿ ಹಿಡಿಯುವ ಇದ್ದಿಲಿನ ಕ್ಯಾನಿಸ್ಟರನ್ನೂ ನೆನೆಸಿಬಿಡುತ್ತದೆ. ಹೀಗೆ ಮೂರು ಟ್ಯಾಂಕಿನ ಸರಾಸರಿ ತೆಗೆದರೆ ನಂಬಬಹುದು. ಕಂಪನಿ ಜಾಹೀರಾತಿನ ಅಂಕಿಯನ್ನು ಮಾನದಂಡ ಮಾಡಿಕೊಳ್ಳಬೇಡಿ. ಅದು ಪ್ರಯೋಗಾಲಯದ ರೋಲರ್ ಮೇಲೆ, ಎಸಿ ಬಂದ್ ಮಾಡಿ, ಗಂಟೆಗೆ 90 ಕಿ.ಮೀ. ದಾಟದ ವೇಗದಲ್ಲಿ ಬಂದದ್ದು.

ದೋಷವೇ ಅಲ್ಲದ ಎರಡು ಕಾರಣಗಳನ್ನೂ ಲೆಕ್ಕದಿಂದ ತೆಗೆಯಬೇಕು. ಮೊದಲನೆಯದು ಟ್ರಾಫಿಕ್. ಸಣ್ಣ ಟರ್ಬೊ ಎಂಜಿನ್ ಎಸಿ ಹಾಕಿ ನಿಂತಲ್ಲೇ ಗಂಟೆಗೆ 0.8 ಲೀಟರ್ ಕುಡಿಯುತ್ತದೆ ಎಂದುಕೊಳ್ಳಿ. ಬೆಂಗಳೂರಿನಲ್ಲಿ 10 ಕಿ.ಮೀ. ದಾರಿಗೆ 50 ನಿಮಿಷ ಹಿಡಿದು, ಅದರಲ್ಲಿ 20 ನಿಮಿಷ ಸಿಗ್ನಲ್‌ಗಳಲ್ಲೇ ಕಳೆದರೆ ನಿಂತಿದ್ದಕ್ಕೇ 0.27 ಲೀಟರ್ ಹೋಯಿತು. ಸಾಗುವಾಗ ಲೀಟರಿಗೆ 15 ಕೊಡುವ ಕಾರು ಒಟ್ಟಾರೆ 10.7ಕ್ಕೆ ಇಳಿಯುತ್ತದೆ. ಕಾರಿನಲ್ಲಿ ಏನೂ ಕೆಟ್ಟಿಲ್ಲ, ಆಫೀಸಿನ ದಾರಿ ಬದಲಾಗಿದೆ ಅಷ್ಟೆ.

ಎರಡನೆಯದು ಇ20, ಅಂದರೆ ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನದಕ್ಕಿಂತ ಮೂರನೇ ಒಂದು ಭಾಗ ಕಡಿಮೆ. ಆ ಲೆಕ್ಕದಲ್ಲಿ ಇ10ರಿಂದ ಇ20ಕ್ಕೆ ಬಂದಾಗ ಶೇ 3.5ರಷ್ಟು ಶಕ್ತಿ ಖೋತಾ; 14 ಕೊಡುತ್ತಿದ್ದ ಕಾರು 13.5 ಕೊಡಬಹುದು. ಅದೇ ಕಾರು 10ಕ್ಕೆ ಇಳಿದಿದ್ದರೆ ಎಥೆನಾಲ್ ಮೇಲೆ ಗೂಬೆ ಕೂರಿಸಿ ಸುಮ್ಮನಾಗಬೇಡಿ.

ಇನ್ನು ಟೈರ್. ಬಾಗಿಲ ಕಂಬದ ಸ್ಟಿಕರ್‌ನಲ್ಲಿರುವಷ್ಟು ಗಾಳಿ ಇರಲಿ. ಆದರೆ ಏಳೆಂಟು ಪಿಎಸ್‌ಐ ಕಡಿಮೆಯಿದ್ದರೂ ನಷ್ಟ ಶೇ 1-2ರ ಆಸುಪಾಸು, ಅದಕ್ಕಿಂತ ಹೆಚ್ಚಿನ ಪವಾಡ ನಿರೀಕ್ಷಿಸಬೇಡಿ. ಹಿಡಿದುಕೊಂಡ ಬ್ರೇಕ್ ಇದಕ್ಕಿಂತ ದೊಡ್ಡ ಕಳ್ಳ. ಹೆದ್ದಾರಿಯಲ್ಲಿ 15 ಕಿ.ಮೀ. ಓಡಿಸಿ, ಬ್ರೇಕ್ ಆದಷ್ಟು ಮುಟ್ಟದೆ ನಿಧಾನಕ್ಕೆ ನಿಲ್ಲಿಸಿ, ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ನಾಲ್ಕೂ ಚಕ್ರಗಳ ಡಿಸ್ಕ್, ಡ್ರಮ್ ಅಳೆಯಿರಿ. ಮುಂದಿನ ಎರಡನ್ನು ಒಂದಕ್ಕೊಂದು, ಹಿಂದಿನ ಎರಡನ್ನು ಒಂದಕ್ಕೊಂದು ಹೋಲಿಸಿ. ಒಂದು ಬದಿ 25-30 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಕ್ಯಾಲಿಪರ್ ಪಿನ್ ಅಥವಾ ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿದಿದೆ.

ಸ್ಕ್ಯಾನರ್ ಹೇಳುವುದನ್ನು ಓದುವುದು

ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಬ್ಲೂಟೂತ್ ಓಬಿಡಿ ಅಡಾಪ್ಟರ್ ಮತ್ತು ಮೊಬೈಲ್ ಆ್ಯಪ್ ಇದ್ದರೆ ಮುಕ್ಕಾಲು ಕೆಲಸ ಮನೆಯಲ್ಲೇ ಆಗುತ್ತದೆ. ಮೊದಲು ಕೂಲಂಟ್ ತಾಪಮಾನ. ಹೆದ್ದಾರಿಯಲ್ಲಿ 20 ನಿಮಿಷ ಓಡಿದ ಮೇಲೂ 75-80 ಡಿಗ್ರಿಗಿಂತ ಕೆಳಗೇ ಆಡುತ್ತಿದ್ದರೆ ಕೂಲಂಟ್ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ತೆರೆದುಕೊಂಡೇ ಕೂತಿದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಬಿಡುತ್ತದೆ, ಆಯಿಲ್ ದಪ್ಪಗೇ ಇರುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಬೇಡಿ. ಬಹಳಷ್ಟು ಕಾರುಗಳಲ್ಲಿ ಅದು ವಿಶಾಲ ಶ್ರೇಣಿಯೊಂದಕ್ಕೆ ನಡುವಿನಲ್ಲೇ ನಿಲ್ಲುವಂತೆ ಹೊಂದಿಸಿರುತ್ತದೆ.

ಆಮೇಲೆ ಫ್ಯೂಯೆಲ್ ಟ್ರಿಮ್. ಆಮ್ಲಜನಕ ಸೆನ್ಸರ್ ಕೊಟ್ಟ ಮಾಹಿತಿಯ ಮೇಲೆ ಇಸಿಯು ತನ್ನ ಮೂಲ ಲೆಕ್ಕಕ್ಕೆ ಶೇಕಡಾ ಎಷ್ಟು ಕೂಡಿದೆ, ಎಷ್ಟು ಕಳೆದಿದೆ ಎಂಬುದೇ ಟ್ರಿಮ್. ಶಾರ್ಟ್ (ಆ ಕ್ಷಣದ) ಮತ್ತು ಲಾಂಗ್ (ಕಲಿತಿಟ್ಟ) ಟ್ರಿಮ್ ಎರಡನ್ನೂ ಕೂಡಿಸಿ, ಎಂಜಿನ್ ಬಿಸಿಯಾದ ಮೇಲೆ ಮೂರು ಸ್ಥಿತಿಗಳಲ್ಲಿ ಬರೆದಿಟ್ಟುಕೊಳ್ಳಿ: ಐಡ್ಲಿಂಗ್, ನ್ಯೂಟ್ರಲ್‌ನಲ್ಲಿ 2500 ಆರ್‌ಪಿಎಂ, ಸಮತಟ್ಟು ರಸ್ತೆಯಲ್ಲಿ 80 ಕಿ.ಮೀ. ವೇಗ. ±5ರೊಳಗಿದ್ದರೆ ಚಿಂತೆಯಿಲ್ಲ, ±10 ದಾಟಿದರೆ ಹುಡುಕಬೇಕು. ಇ10ಕ್ಕೆ ಹೊಂದಿಸಿದ ಕಾರಿಗೆ ಇ20 ಹಾಕಿದರೆ ಟ್ರಿಮ್ ಮೂರು ನಾಲ್ಕು ಅಂಕ ಮೇಲೇರುವುದು ಸಹಜ, ಅದನ್ನು ಕಳೆದು ನೋಡಿ.

ಐಡ್ಲಿಂಗ್‌ನಲ್ಲಿ +15, 2500ರಲ್ಲಿ +3 ಎಂದಿದ್ದರೆ ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ಕವಾಟ) ಆಚೆ ಎಲ್ಲೋ ಅಳೆಯದ ಗಾಳಿ ಒಳನುಗ್ಗುತ್ತಿದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ; ಜೋರಾಗಿ ಒಳಕ್ಕೆ ಎಳೆದುಕೊಂಡು ಬಿಡಿಸಲು ಕಷ್ಟವಾದರೆ, ಅಥವಾ ಸಣ್ಣ ಸಿಳ್ಳೆ ಕೇಳುತ್ತಿದ್ದು ಮುಚ್ಚಳ ತೆಗೆದಾಗ ನಿಂತರೆ, ಎಂಜಿನ್ ಒಡಲಿನ ಆವಿಯನ್ನು ಇನ್‌ಟೇಕ್‌ಗೆ ಮರಳಿಸುವ ಪಿಸಿವಿ ವಾಲ್ವಿನ ರಬ್ಬರ್ ಹರಿದಿದೆ. ಲೋಡ್ ಹೆಚ್ಚಿದಂತೆ ಪ್ಲಸ್ ಏರುತ್ತಿದ್ದರೆ ಇಂಧನ ಪೂರೈಕೆ ದುರ್ಬಲ, ಅಥವಾ ಗಾಳಿಯ ಹರಿವು ಅಳೆಯುವ ಮ್ಯಾಫ್ ಸೆನ್ಸರ್ ಕೊಳೆಯಾಗಿ ಕಡಿಮೆ ಅಳೆಯುತ್ತಿದೆ.

ಐಡ್ಲಿಂಗ್‌ನಲ್ಲಿ ದೊಡ್ಡ ಮೈನಸ್ ಇದ್ದರೆ, ಕ್ಯಾನಿಸ್ಟರಿನ ಆವಿಯನ್ನು ಎಂಜಿನ್‌ಗೆ ಬಿಡುವ ಪರ್ಜ್ ವಾಲ್ವಿನ ಮೇಲೆ ಕಣ್ಣಿಡಿ. ಬಂಕ್‌ನಲ್ಲಿ ಟ್ಯಾಂಕ್ ತುಂಬಿಸಿದ ಕೂಡಲೇ ಸ್ಟಾರ್ಟ್ ಆಗಲು ತಕರಾರು ಮಾಡುವ ಕಾರಾದರೆ ಅನುಮಾನ ಇನ್ನೂ ಗಟ್ಟಿ. ಎಂಜಿನ್ ಓಡುತ್ತಿರಲಿ, ವಾಲ್ವಿನ ವಿದ್ಯುತ್ ಪ್ಲಗ್ ಕಳಚಿ, ಕ್ಯಾನಿಸ್ಟರ್ ಕಡೆಯ ಕೊಳವೆ ಬಿಡಿಸಿ ವಾಲ್ವಿನ ಬಾಯಿಗೆ ಬೆರಳಿಡಿ. ವಿದ್ಯುತ್ ಇಲ್ಲದಾಗ ಅದು ಮುಚ್ಚಿರಬೇಕು. ಬೆರಳನ್ನು ಎಳೆಯುತ್ತಲೇ ಇದ್ದರೆ ವಾಲ್ವ್ ಕೆಟ್ಟಿದೆ. ಮೈನಸ್‌ಗೆ ಇನ್ನೊಂದು ಕಾರಣ ಸೋರುವ ಇಂಜೆಕ್ಟರ್ ಅಥವಾ ಹೈ ಪ್ರೆಶರ್ ಪಂಪ್. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಏರುತ್ತಿದ್ದು, ಮೂಗಿಗೆ ಹಿಡಿದರೆ ಪೆಟ್ರೋಲ್ ವಾಸನೆ ಬಂದರೆ ಮೊದಲು ಆಯಿಲ್ ಬದಲಿಸಿ, ಆಮೇಲೆ ತನಿಖೆ.

ಇಲ್ಲೊಂದು ಎಚ್ಚರಿಕೆ. ಪ್ಲಸ್ ಟ್ರಿಮ್ ಎಂದ ಮಾತ್ರಕ್ಕೆ ಪೆಟ್ರೋಲ್ ಪೋಲಾಗುತ್ತಿದೆ ಎಂದಲ್ಲ; ಹೆಚ್ಚಿನ ಸಲ ಇಸಿಯು ಮಿಶ್ರಣವನ್ನು ಸರಿದೂಗಿಸುತ್ತಿರುತ್ತದೆ, ಅಷ್ಟೆ. ಪೋಲಾಗುವುದು ಸೆನ್ಸರ್‌ಗೇ ಮೋಸವಾದಾಗ. ಟರ್ಬೊ ಕಾರುಗಳ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸುವ ಕೊಳವೆ) ವಿಪರೀತ ಕಾಯುತ್ತದೆ, ಗ್ಯಾಸ್ಕೆಟ್ ಸುಡುವುದೂ ಲೋಹ ಬಿರುಕು ಬಿಡುವುದೂ ಉಂಟು. ಆ ಬಿರುಕಿನಿಂದ ಹೊರಗಿನ ಗಾಳಿ ಒಳಸೇರಿದರೆ ಆಮ್ಲಜನಕ ಜಾಸ್ತಿಯಿದೆ ಎಂದು ಸೆನ್ಸರ್ ಹೇಳುತ್ತದೆ, ಇಸಿಯು ಬೇಡದ ಪೆಟ್ರೋಲ್ ಸುರಿಯುತ್ತದೆ. ಬೆಳಿಗ್ಗೆ ತಣ್ಣನೆಯ ಎಂಜಿನ್ ಟಿಕ್ ಟಿಕ್ ಎಂದು ಬಿಸಿಯಾಗುತ್ತಲೇ ಸುಮ್ಮನಾದರೆ ಅಲ್ಲೇ ಹುಡುಕಿ.

ಬೂಸ್ಟ್ ಸೋರಿಕೆ

ನಿಮ್ಮ ಕಾರು ಗಾಳಿಯನ್ನು ಹೇಗೆ ಅಳೆಯುತ್ತದೆ ಎಂಬುದರ ಮೇಲೆ ಸೋರಿಕೆಯ ಲಕ್ಷಣವೇ ಬದಲಾಗುತ್ತದೆ. ಮ್ಯಾಫ್ ಇರುವ ಕಾರಿನಲ್ಲಿ ಗಾಳಿಯನ್ನು ಟರ್ಬೊಗೆ ಮೊದಲೇ ಎಣಿಸಿಯಾಗಿರುತ್ತದೆ. ಟರ್ಬೊ ಆಚೆಯ ಪೈಪ್ ಬಾಯಿಬಿಟ್ಟರೆ ಎಣಿಸಿದ ಗಾಳಿ ಹೊರಗೆ, ಅದರ ಲೆಕ್ಕದ ಪೆಟ್ರೋಲ್ ಸಿಲಿಂಡರಿನೊಳಗೆ. ಬೂಸ್ಟ್‌ನಲ್ಲಿ ಮಿಶ್ರಣ ರಿಚ್ (ಗಾಳಿಗಿಂತ ಪೆಟ್ರೋಲ್ ಪಾಲು ಜಾಸ್ತಿ), ಸೈಲೆನ್ಸರ್ ತುದಿಯಲ್ಲಿ ಕಪ್ಪು ಮಸಿ. ಇನ್‌ಟೇಕ್ ಮ್ಯಾನಿಫೋಲ್ಡ್‌ನ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಮೇಲೆಯೇ ನಡೆಯುವ ಕಾರಿನಲ್ಲಿ ಮಿಶ್ರಣ ಸರಿಯಾಗಿಯೇ ಇರುತ್ತದೆ, ಟ್ರಿಮ್ ಏನೂ ಹೇಳುವುದಿಲ್ಲ. ಬೇಕಾದ ಒತ್ತಡ ಕಟ್ಟಲು ಟರ್ಬೊ ಹೆಚ್ಚು ತಿರುಗುತ್ತದೆ, ಗಾಳಿ ಹೆಚ್ಚು ಬಿಸಿಯಾಗುತ್ತದೆ, ಎಕ್ಸಾಸ್ಟ್ ಹಿಂದೊತ್ತಡ ಏರುತ್ತದೆ, ನಾಕಿಂಗ್ (ಮಿಶ್ರಣ ತಾನಾಗಿ ಸಿಡಿಯುವುದು) ತಪ್ಪಿಸಲು ಇಗ್ನಿಷನ್ ಹಿಂದೆ ಸರಿಯುತ್ತದೆ, ಅಂದರೆ ಕಿಡಿ ತಡವಾಗಿ ಹಾರುತ್ತದೆ. ಪಿಕಪ್ ಸತ್ತು ನೀವು ಆಕ್ಸಲರೇಟರ್ ಇನ್ನಷ್ಟು ಒತ್ತುತ್ತೀರಿ. ಬೂಸ್ಟ್ ಕಡಿಮೆಯಿದೆ ಎನ್ನುವ ಪಿ0299 ದೋಷ ಕೋಡ್ ಬರುವ ಹೊತ್ತಿಗೆ ಸೋರಿಕೆ ಸಾಕಷ್ಟು ದೊಡ್ಡದಾಗಿರುತ್ತದೆ.

ಮ್ಯಾಪ್ ಸೆನ್ಸರನ್ನು ಪರೀಕ್ಷಿಸುವುದು ಸುಲಭ. ಎಂಜಿನ್ ಓಡದೆ ಇಗ್ನಿಷನ್ ಮಾತ್ರ ಆನ್ ಇದ್ದಾಗ ಅದು ಹೊರಗಿನ ವಾಯುಒತ್ತಡವನ್ನೇ ತೋರಿಸಬೇಕು: ಮಂಗಳೂರಿನಲ್ಲಿ 101 ಕಿಲೋಪಾಸ್ಕಲ್ ಆಸುಪಾಸು, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 91ರ ಸುತ್ತ. ಕೆಲವು ಆ್ಯಪ್‌ಗಳು ಎಲ್ಲ ಊರಿನಲ್ಲೂ 101 ಕಳೆದೇ ಬೂಸ್ಟ್ ತೋರಿಸುತ್ತವೆ. ಬೆಂಗಳೂರಿನವರು 0.1 ಬಾರ್ ಕಡಿಮೆ ಕಂಡು ಗಾಬರಿಯಾಗುವುದು ಇದರಿಂದಲೇ.

ಸೋರಿಕೆ ಪರೀಕ್ಷೆಗೆ ಎಂಜಿನ್ ತಣ್ಣಗಿರಬೇಕು, ಬಂದ್ ಇರಬೇಕು. ಏರ್ ಫಿಲ್ಟರ್‌ನಿಂದ ಟರ್ಬೊಗೆ ಬರುವ ಪೈಪನ್ನು ಮ್ಯಾಫ್ ಆಚೆ ಬಿಡಿಸಿ, ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿದ ಪಿವಿಸಿ ಮುಚ್ಚಳವನ್ನು ಅದರ ಬಾಯಿಗೆ ಕ್ಲಾಂಪ್ ಹಾಕಿ ಬಿಗಿಯಿರಿ. ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಕೆಳಗಿನ ಒಡಲು) ಉಸಿರಾಟದ ಕೊಳವೆ ಅಲ್ಲಿಗೆ ಸೇರುತ್ತಿದ್ದರೆ ಅದನ್ನು ಬೇರೆಯಾಗಿ ಮುಚ್ಚಿ, ಇಲ್ಲವಾದರೆ ಒತ್ತಡವೆಲ್ಲ ಆಯಿಲ್ ಸೀಲುಗಳ ಮೇಲೆ. ರೆಗ್ಯುಲೇಟರ್ ಇಟ್ಟು ನಿಧಾನಕ್ಕೆ 7-8 ಪಿಎಸ್‌ಐ ಮಾತ್ರ ಏರಿಸಿ, ಕೀಲುಗಳಿಗೆಲ್ಲ ಸೋಪಿನ ನೀರು ಸಿಂಪಡಿಸಿ. ತೆರೆದಿರುವ ವಾಲ್ವ್ ಮೂಲಕ ಸೈಲೆನ್ಸರ್ ಕಡೆ ಸ್ವಲ್ಪ ಗಾಳಿ ಹೋಗುವುದು ಸಹಜ. ಗುಳ್ಳೆ ಏಳುವ ಮಾಮೂಲಿ ಜಾಗಗಳು: ಕ್ಲಾಂಪ್ ಕೆಳಗೆ ಸೀಳಿದ ರಬ್ಬರ್ ಹೋಸ್, ಟರ್ಬೊ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್‌ನ ಪ್ಲಾಸ್ಟಿಕ್ ತೊಟ್ಟಿ ಅಲ್ಯೂಮಿನಿಯಮ್‌ಗೆ ಸೇರುವ ಅಂಚು, ಪೆಡಲ್ ಬಿಟ್ಟಾಗ ಹೆಚ್ಚಿನ ಒತ್ತಡ ಇಳಿಸುವ ಡೈವರ್ಟರ್ ವಾಲ್ವ್. ಪೈಪಿನೊಳಗೆ ಆಯಿಲ್‌ನ ತೆಳು ಪದರ ಎಲ್ಲ ಟರ್ಬೊಗಳಲ್ಲೂ ಇರುತ್ತದೆ. ಹೊರಗಡೆ ಒಂದೇ ಕಡೆ ಜಿಡ್ಡಿಗೆ ಧೂಳು ಮೆತ್ತಿಕೊಂಡಿದ್ದರೆ ಅದೇ ತೂತಿನ ಗುರುತು. ಫೋಕ್ಸ್‌ವ್ಯಾಗನ್, ಸ್ಕೋಡಾಗಳ 1.0 ಟಿಎಸ್‌ಐನಲ್ಲಿ ನೀರಿನಿಂದ ತಂಪಾಗುವ ಇಂಟರ್‌ಕೂಲರ್ ಮ್ಯಾನಿಫೋಲ್ಡ್‌ನೊಳಗೇ ಇರುವುದರಿಂದ ಉದ್ದ ಪೈಪುಗಳ ಕಾಟ ಕಡಿಮೆ.

ಸ್ಪಾರ್ಕ್ ಪ್ಲಗ್‌ಗಳನ್ನು ಕಡೆಗಣಿಸಬೇಡಿ. ಬೂಸ್ಟ್‌ನ ಒತ್ತಡದಲ್ಲಿ ಕಿಡಿ ಹಾರಿಸುವುದು ಕಷ್ಟ, ಹಾಗಾಗಿ ಟರ್ಬೊ ಎಂಜಿನ್‌ಗಳ ಗ್ಯಾಪ್ ಸಾಮಾನ್ಯವಾಗಿ 0.7-0.8 ಮಿ.ಮೀ. ಮಾತ್ರ (ನಿಮ್ಮ ಕಾರಿನ ಮ್ಯಾನುಯಲ್ ಹೇಳಿದ್ದೇ ಅಂತಿಮ). ಸವೆದು ಗ್ಯಾಪ್ ಹಿಗ್ಗಿದರೆ ಮಿಸ್‌ಫೈರ್. ಉರಿಯದೆ ಉಳಿದ ಆಮ್ಲಜನಕ ಕಂಡು ಸೆನ್ಸರ್ ಮತ್ತೆ ಪೆಟ್ರೋಲ್ ಕೇಳುತ್ತದೆ, ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತದೆ.

ಎಲ್ಲವೂ ಸರಿಯಿದ್ದು, ಟ್ರಿಮ್ ಸೊನ್ನೆಯ ಹತ್ತಿರವಿದ್ದರೆ? ಆಗ ನೋಡಬೇಕಾದ್ದು ಬಲಗಾಲು. ಭಾರಿ ಲೋಡ್‌ನಲ್ಲಿ ಟರ್ಬೈನ್ ಸುಡದಿರಲೆಂದು ಬಹಳಷ್ಟು ಎಂಜಿನ್‌ಗಳು ಬೇಕೆಂದೇ ಹೆಚ್ಚು ಪೆಟ್ರೋಲ್ ಬಿಟ್ಟು ತಂಪು ಮಾಡಿಕೊಳ್ಳುತ್ತವೆ. ಗಾಳಿ-ಪೆಟ್ರೋಲ್ ಅನುಪಾತ ಹೇಳುವ ಲ್ಯಾಂಬ್ಡಾ 1 ಇದ್ದರೆ ಮಿಶ್ರಣ ಸರಿಸಮ; 0.85 ಎಂದರೆ ಅಷ್ಟೇ ಗಾಳಿಗೆ ಶೇ 17-18 ಹೆಚ್ಚುವರಿ. ಚಾರ್ಮಾಡಿ ಘಾಟಿಯನ್ನು ಪೆಡಲ್ ತಳ ಮುಟ್ಟಿಸಿ ಹತ್ತಿದರೆ ಇದೇ ಆಗುತ್ತದೆ. ಐದನೇ ಗೇರಿನಲ್ಲಿ 1300 ಆರ್‌ಪಿಎಂಗೆ ಬಿದ್ದಾಗ ಪೂರ್ತಿ ಒತ್ತುವುದೂ ಕೆಟ್ಟದ್ದೇ. ಒಂದು ಗೇರ್ ಇಳಿಸಿ, 1800-2200ರ ನಡುವೆ ಅರೆಗಾಲಿನಲ್ಲಿ ಓಡಿಸಿ. ಹೆದ್ದಾರಿಯಲ್ಲಿ 120ರ ಬದಲು 90ಕ್ಕೆ ಇಳಿಸಿದರೆ ಎದುರುಗಾಳಿಯ ತಡೆ ಸುಮಾರು ಶೇ 44 ಕಡಿಮೆ.

ಖರ್ಚಿನ ವಿಷಯ. ನೇರ ಇಂಜೆಕ್ಷನ್ ಎಂಜಿನ್‌ನಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವನ್ನು ಮುಟ್ಟುವುದೇ ಇಲ್ಲ, ಆದ್ದರಿಂದ ಟ್ಯಾಂಕಿಗೆ ಸುರಿಯುವ ಯಾವ ಬಾಟಲಿಯೂ ಅಲ್ಲಿನ ಮಸಿ ತೆಗೆಯದು. ಮ್ಯಾನಿಫೋಲ್ಡ್ ಬಿಚ್ಚಿ ವಾಲ್‌ನಟ್ ಸಿಪ್ಪೆಯ ಪುಡಿ ಹಾರಿಸಿಯೇ ತೆಗೆಯಬೇಕು. ಎಣ್ಣೆ ಹಚ್ಚಿದ ಹತ್ತಿ ಫಿಲ್ಟರ್ ಮೈಲೇಜ್ ಕೊಡುವುದಿಲ್ಲ, ಮ್ಯಾಫ್ ಮೇಲೆ ಎಣ್ಣೆ ಕೂರಿಸುತ್ತದೆ. ಹೆಚ್ಚು ಆಕ್ಟೇನ್‌ನ ಪೆಟ್ರೋಲ್ ನಾಕಿಂಗ್‌ನಿಂದ ಇಗ್ನಿಷನ್ ಹಿಂದೆ ಸರಿಯುತ್ತಿದ್ದರೆ ಮಾತ್ರ ಉಪಯೋಗ. ಎರಡು ಟ್ಯಾಂಕ್ ಹಾಕಿ ನೋಡಿ, ವ್ಯತ್ಯಾಸ ಕಾಣದಿದ್ದರೆ ಬಿಟ್ಟುಬಿಡಿ.

ಭಾಗ ಬದಲಿಸಿದ ಮೇಲೆ ಸ್ಕ್ಯಾನರ್‌ನಿಂದ ಕೋಡ್‌ಗಳ ಜೊತೆ ಹಳೆಯ ಟ್ರಿಮ್ ಕಲಿಕೆಯನ್ನೂ ಅಳಿಸಿ. ಊರೊಳಗೂ ಹೆದ್ದಾರಿಯಲ್ಲೂ ಒಂದಿಷ್ಟು ಓಡಿಸಿ, ಅದೇ ಮೂರು ಸ್ಥಿತಿಗಳಲ್ಲಿ ಮತ್ತೆ ಬರೆದುಕೊಳ್ಳಿ. ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ, ಇಲ್ಲವಾದರೆ ಮೈಲೇಜ್ ಬಂದದ್ದು ಯಾವುದರಿಂದ ಎಂದು ಮೆಕ್ಯಾನಿಕ್‌ಗೂ ಗೊತ್ತಾಗುವುದಿಲ್ಲ.