ಪಲ್ಸ್ 74 ಇತ್ತು, ಅದನ್ನೇ ನಂಬ್ಕೊಂಡೆ

ದಸರಾ ಟೈಮಲ್ಲಿ ನೈಟ್ ಡ್ಯೂಟಿ ಬಿದ್ದೋನಷ್ಟು ಪಾಪಿ ಇನ್ಯಾರೂ ಇಲ್ಲ ಕಣ್ರೀ. ಊರಿಗೆ ಊರೇ ಮೈಸೂರಿಗೆ ಲೈಟಿಂಗ್ ನೋಡೋಕೆ ಹೋಗಿರುತ್ತೆ, ನಮ್ಮನೇಲೂ ಹೆಂಡ್ತಿ ಮಕ್ಕಳು ಭಾವಮೈದನ ಕಾರಲ್ಲಿ ಹೋಗಿ ಸಯ್ಯಾಜಿರಾವ್ ರಸ್ತೆಯಿಂದ ಫೋಟೋ ಮೇಲೆ ಫೋಟೋ ಕಳಿಸ್ತಿದ್ರು, ಆಂಬುಲೆನ್ಸಲ್ಲಿ ಪೇಷಂಟ್ ನೋಡ್ಕೊಳೋ ನಾನು, ಗಾಡಿ ಓಡಿಸೋ ನಮ್ಮ ಪೈಲಟ್ ಅಣ್ಣ ಬೇಸಲ್ಲಿ ಸೊಳ್ಳೆ ಹೊಡ್ಕೊಂಡು ಕೂತಿದ್ವಿ. ಪಕ್ಕದ ಲೊಕೇಶನ್ ಗಾಡೀನ ಮೈಸೂರು ಸ್ಟ್ಯಾಂಡ್‌ಬೈಗೆ ಎತ್ತಿದ್ರು. ಜಂಬೂಸವಾರಿ ಇನ್ನೂ ನಾಲ್ಕು ದಿನ ಇದೆ, ಈಗ್ಲೇ ಯಾಕೆ ಸಾರ್ ಅಂದ್ರೆ "ಅಡ್ಜಸ್ಟ್ ಮಾಡ್ಕೊಳಿ" ಅಂದ್ರು. ನಮ್ಮ ಡಿಪಾರ್ಟ್‌ಮೆಂಟಲ್ಲಿ ಪ್ಯಾರಾಸಿಟಮಾಲ್‌ಗಿಂತ ಜಾಸ್ತಿ ಕೊಡೋ ಔಷಧಿ ಅಂದ್ರೆ ಇದೊಂದೇ.

ಕೇಸ್ ಬಂದಿದ್ದು 11.40ಕ್ಕೆ. ತೂಬಿನಕೆರೆ ಹತ್ರ ಸರ್ವಿಸ್ ರೋಡು, ಕಾರು ನಾಲೆಗೆ ಬಿದ್ದಿದೆ, ಏಳು ಜನ. ನಾಲೆ ಅನ್ನೋ ಮಾತು ಕೇಳಿದ್ರೆ ಮಂಡ್ಯ ಕಡೆ ಯಾರಿಗಾದ್ರೂ ಹೊಟ್ಟೆ ತಣ್ಣಗಾಗುತ್ತೆ, 2018ರಲ್ಲಿ ಕನಗನಮರಡಿ ಹತ್ರ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಸ್ ಬಿದ್ದು 30 ಜನ ಹೋಗಿದ್ದು ಯಾರೂ ಮರೆತಿಲ್ಲ. ಪೈಲಟ್ ಅಣ್ಣ ಸೈರನ್ ಹಾಕೋಕೆ ಮುಂಚೆ "ಹಗ್ಗ ಐತಾ ನೋಡು" ಅಂದ್ರು. ದಾರಿಯುದ್ದಕ್ಕೂ ನಾನು ಮನಸ್ಸಲ್ಲೇ ಸಿಪಿಆರ್ ರೆಡಿ ಮಾಡ್ಕೊಂಡೆ, ಸಕ್ಷನ್ ಚೆಕ್ ಮಾಡ್ದೆ, ಬ್ಯಾಗ್ ಮಾಸ್ಕ್ ಚಿಕ್ಕದು ತೆಗೆದು ಮೇಲಿಟ್ಟೆ.

ಹೋಗಿ ನೋಡಿದ್ರೆ ನಾಲೆನೂ ಇಲ್ಲ ನೀರೂ ಇಲ್ಲ. ಕಬ್ಬಿನ ಟ್ರ್ಯಾಕ್ಟರ್, ಎರಡು ಟ್ರೈಲರ್, ಹಿಂದೆ ರಿಫ್ಲೆಕ್ಟರ್ ಇಲ್ಲ ಲೈಟ್ ಇಲ್ಲ, ಅದರ ಕೆಳಗೆ ಕಾರಿನ ಎಡಗಡೆ ಮೂತಿ ತೂರ್ಕೊಂಡಿದೆ. ಹಿಂದಿನ ಚಕ್ರ ಚರಂಡೀಲಿ, ಅದನ್ನೇ ಫೋನ್ ಮಾಡಿದೋರು ನಾಲೆ ಅಂದಿದ್ದು. ನನಗೆ ಆಗ ಆಗಿದ್ದನ್ನ ಇದ್ದಂಗೇ ಹೇಳ್ತೀನಿ, ನೀರಿಲ್ಲ ಅಂತ ಕಂಡ ತಕ್ಷಣ ಒಳಗೆ ಅರ್ಧ ಭಾರ ಇಳಿದೋಯ್ತು. ಈ ರಾತ್ರಿ ಯಾರೂ ಹೋಗಲ್ಲ ಅಂತ ಗಾಡಿಯಿಂದ ಇಳಿಯೋಕೆ ಮುಂಚೆನೇ ತೀರ್ಮಾನ ಮಾಡ್ಬಿಟ್ಟಿದ್ದೆ. ಮಿಕ್ಕಿದ್ದೆಲ್ಲಾ ಕೆಟ್ಟಿದ್ದು ಅಲ್ಲಿಂದಾನೇ.

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಗಿದ್ದು 2023ರ ಮಾರ್ಚಲ್ಲಿ, ಅದೇ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಮೇನ್ ರೋಡಿಗೆ ಬರಂಗಿಲ್ಲ ಅಂತಾಯ್ತು. ಸರಿನೇ, ಅಲ್ಲಿ 100ರಲ್ಲಿ ಹೋಗೋ ಕಾರುಗಳ ಮಧ್ಯೆ ಟ್ರ್ಯಾಕ್ಟರ್ ಇರಬಾರದು. ಆದ್ರೆ ಅವೆಲ್ಲಾ ಸರ್ವಿಸ್ ರೋಡಿಗೆ ಬಂತು, ಟೋಲ್ ಉಳಿಸೋ ಕಾರುಗಳೂ ಅದೇ ಸರ್ವಿಸ್ ರೋಡಿಗೆ ಬಂತು, ಲೈಟ್ ಮಾತ್ರ ಬರಲಿಲ್ಲ. ಈ ಫ್ಯಾಮಿಲೀನೂ ಗಣಂಗೂರು ಟೋಲ್ ತಪ್ಸಕ್ಕೇ ಕೆಳಗೆ ಇಳಿದಿದ್ರಂತೆ. ಅವರನ್ನ ಬೈಯೋಕೆ ನಂಗೆ ಬಾಯಿಲ್ಲ, ನಮ್ಮ ಭಾವಮೈದನೂ ಅದನ್ನೇ ಮಾಡೋದು.

ಕಬ್ಬೆಲ್ಲಾ ರಸ್ತೆ ತುಂಬ ಚೆಲ್ಲಿತ್ತು, ಕಾಲಿಟ್ಟರೆ ಉರುಳುತ್ತೆ, ಸ್ಪೈನ್ ಬೋರ್ಡ್ ಹಿಡ್ಕೊಂಡು ನಾನೇ ಒಂದ್ಸಲ ಬಿದ್ದೆ. ಹತ್ತು ಹದಿನೈದು ಜನ ನಿಂತಿದ್ರು, ಅರ್ಧ ಜನ ವಿಡಿಯೋ, ಒಬ್ಬ ಪುಣ್ಯಾತ್ಮ ಒಂದು ಜಲ್ಲೆ ಮುರ್ಕೊಂಡು ಸಿಗಿತಾ ನೋಡ್ತಿದ್ದ. ಡ್ರೈವ್ ಮಾಡ್ತಿದ್ದ ಮಗನಿಗೆ ಬಲಗಾಲು ಮೊಣಕಾಲಿಂದ ಕೆಳಗೆ ಓಪನ್ ಫ್ರಾಕ್ಚರ್, ಮೂಳೆ ಕಾಣ್ತಿತ್ತು. ಆರು ವರ್ಷದ ಹುಡುಗನಿಗೆ ತಲೆ ಚರ್ಮ ಸೀಳಿತ್ತು, ತಲೆ ಗಾಯ ಗೊತ್ತಲ್ಲ, ಮುಖ ಪೂರ್ತಿ ರಕ್ತ, ಆದ್ರೆ ಹುಡುಗ ಚೆನ್ನಾಗಿ ಅಳ್ತಿದ್ದಾನೆ, ಜಿಸಿಎಸ್ (ಪ್ರಜ್ಞೆ ಅಳೆಯೋ ಸ್ಕೋರು) ಫುಲ್. ಸೊಸೆ ಕೈ ಮುರಿದಿದೆ, ಅದರ ಪರಿವೇ ಇಲ್ದೆ "ನನ್ ಮಗ ನನ್ ಮಗ" ಅಂತ ನನ್ನ ಕಾಲರ್ ಹಿಡ್ಕೊಂಡು ಜಗ್ತಿದ್ದಾಳೆ. ಮಗಳು ಅಳಿಯ ದೊಡ್ಡ ಹುಡುಗಿ ತರಚು ಗಾಯ.

ಏಳನೇದು ಅಜ್ಜಿ. ಅವರೇ ಡೋರ್ ತಳ್ಳಿಸ್ಕೊಂಡು ಇಳಿದು ಮೈಲಿಗಲ್ಲಿನ ಮೇಲೆ ಕೂತಿದ್ರು. ಮಡಿಲಲ್ಲಿ ವಸ್ತುಪ್ರದರ್ಶನದಲ್ಲಿ ತಗೊಂಡಿದ್ದ ಬಳೆ ಕವರು, ಸೊಂಟದಲ್ಲಿ ಎಲಡಿಕೆ ಚೀಲ. ಎಲ್ಲಿ ಕೂತಿದ್ರಿ ಅಜ್ಜಿ ಅಂದೆ, ಮುಂದೆ ಅಂದ್ರು. ಬೆಲ್ಟ್? ಹಾಕಿದ್ದೆ ಕನ ಮಗ, ಕ್ಯಾಮ್ರ ಐತೆ ಅಂತ ಹಾಕಿಸುದ್ರು, ಕುತ್ಗೆ ಉಜ್ತದೆ ಅಂತ ಕಂಕುಳ ಕೆಳಗೆ ತಗೊಂಡಿದ್ದೆ. ಇದನ್ನ ನಾನು ಕೇಳಿಸ್ಕೊಂಡೆ. ಕಿವಿಗೆ ಬಿತ್ತು, ಅಷ್ಟೇ. ಬೆಲ್ಟನ್ನ ಕಂಕುಳ ಕೆಳಗೆ ಹಾಕಿದ್ರೆ ಎದೆಮೂಳೆ ತಗೋಬೇಕಾದ ಏಟು ಪಕ್ಕೆಲುಬಿನ ಕೊನೆಗೆ ಬೀಳುತ್ತೆ, ಎಡಗಡೆ ಸೀಟಾದ್ರೆ ನೇರ ಸ್ಪ್ಲೀನ್ (ಗುಲ್ಮ) ಮೇಲೆ, ಇದು ನಾನು ಟ್ರೈನಿಂಗಲ್ಲಿ ಹೊಸಬರಿಗೆ ಹೇಳ್ಕೊಟ್ಟಿರೋ ವಿಷಯ ಸ್ವಾಮಿ.

ಕಫ್ ಕಟ್ದೆ, 108/70. ಪಲ್ಸ್ 74. ಎಸ್‌ಪಿಓಟು, ಅಂದ್ರೆ ರಕ್ತದಲ್ಲಿರೋ ಆಕ್ಸಿಜನ್, 96. ಟ್ಯಾಬಲ್ಲಿ ಹಾಕ್ದೆ, ಮೂರೂ ಹಸಿರು ಬಂತು. ನಂಗೇನಾಗಿಲ್ಲ, ಆ ಮಗೀನ ನೋಡಪ್ಪ ಅಂದ್ರು ಅಜ್ಜಿ. ಟ್ಯಾಬೂ ಅದನ್ನೇ ಹೇಳ್ತು, ಅಜ್ಜಿನೂ ಅದನ್ನೇ ಹೇಳಿದ್ರು, ನನಗೂ ಅದೇ ಬೇಕಿತ್ತು.

ಸೆಕೆಂಡ್ ಗಾಡಿ ಕೇಳ್ದೆ, 25 ನಿಮಿಷ ಅಂದ್ರು. ಅಲ್ಲಿ ನಿಂತಿದ್ದ ಒಂದು ಕಾರಿನೋರನ್ನ ಸೊಸೆ ಮತ್ತೆ ಮಿಕ್ಕೋರನ್ನ ಕರ್ಕೊಂಡು ಬನ್ನಿ ಅಂದ್ರೆ "ನಾಳೆ ಸ್ಟೇಷನ್ನು ಕೋರ್ಟು ಅಂತ ಅಲೆಸ್ತಾರೆ ಸಾರ್" ಅಂತ ಹಿಂದೇಟು. ಇಲ್ಲ ಸಾರ್, 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡೀಲಿ 134ಎ ಅಂತ ಸೆಕ್ಷನ್ನೇ ಹಾಕಿದ್ದಾರೆ, ನಿಮ್ಮ ಹೆಸರು ಕೂಡ ಬಲವಂತವಾಗಿ ಕೇಳಂಗಿಲ್ಲ ಅಂತ ನಾನು ಕಬ್ಬಿನ ಮೇಲೆ ನಿಂತ್ಕೊಂಡು ಲಾಯರ್ ಥರ ವಾದ ಮಾಡ್ದೆ. ಒಪ್ಪಿದ್ರು, ಪುಣ್ಯ ಬರಲಿ. ಆದ್ರೆ ಆ ಎರಡು ನಿಮಿಷ ಅಜ್ಜಿ ಹತ್ರ ಕೂತು ಮಾತಾಡೋಕೆ ಸಿಗ್ಲಿಲ್ಲ ಅಂತ ಆಮೇಲೆ ನೆಪ ಹೇಳ್ಕೊಂಡೆ. ನೆಪ ಅಷ್ಟೇ, ಸಿಕ್ಕಿದ್ರೂ ಕೂತಿರ್ತಿರಲಿಲ್ಲ.

ಸ್ಟ್ರೆಚರ್ ಮೇಲೆ ಮಗ. ಹುಡುಗ ಯಾರ ಹತ್ರನೂ ನಿಲ್ತಿಲ್ಲ, ಡ್ರೆಸ್ಸಿಂಗ್ ಕಿತ್ತು ಎಸೀತಾನೆ, ಅಜ್ಜಿ ಹತ್ರ ಮಾತ್ರ ತೆಪ್ಪಗಿರ್ತಾನೆ. ಹಂಗಾಗಿ ಅಜ್ಜೀನ ಬೆಂಚ್ ಮೇಲೆ ಕೂರಿಸಿ ಹುಡುಗನ್ನ ಅವರ ತೊಡೆ ಮೇಲೆ ಕೂರಿಸ್ದೆ, ಅವನು ತಲೆ ಒರಗಿಸಿ ಹೊಟ್ಟೆ ಬಳಸಿ ಹಿಡ್ಕೊಂಡ. ಆ ಹೊಟ್ಟೆ ಮೇಲೆ ಆ ಹುಡುಗನ್ನ ಇಟ್ಟಿದ್ದು ನಾನೇ, ನನ್ನ ಕೈಯಾರೆ. ಇವತ್ತಿಗೂ ಗಾಡಿ ತೊಳೀವಾಗ ಆ ಬೆಂಚಿನ ಮೂಲೆಗೆ ಬಂದ್ರೆ ಕೈ ಒಂದು ಗಳಿಗೆ ನಿಲ್ಲುತ್ತೆ.

ಅಲ್ಲಿಂದ ದೊಡ್ಡಾಸ್ಪತ್ರೆಗೆ ಹೆಚ್ಚೂಕಮ್ಮಿ ಹದಿನೈದು ನಿಮಿಷ. ಮೊದಲ ಐದು ನಿಮಿಷ ನಾನು ಕಾಲಿಗೆ ಸ್ಪ್ಲಿಂಟ್ ಸರಿ ಮಾಡೋದು, ಪ್ರೆಶರ್ ಬ್ಯಾಂಡೇಜು, ಲೈನ್ ಹಾಕೋದು ಇದರಲ್ಲೇ ಇದ್ದೆ. ಹಿಂದೆ ಬೆಂಚಿಂದ "ವಸಿ ನೀರ್ ಕೊಡು ಮಗ" ಅಂದ್ರು. ಈಗ ಕುಡಿಯಂಗಿಲ್ಲ ಅಜ್ಜಿ, ಆಸ್ಪತ್ರೆಗೆ ಹೋಗೋ ತಂಕ ತಡ್ಕೊಳಿ ಅಂದೆ. "ಎಡಗಡೆ ಭುಜ ಒಂಥರಾ ಎಳೀತದೆ" ಅಂದ್ರು. ಬೆಲ್ಟ್ ಉಜ್ಜಿರುತ್ತೆ ಅಂದೆ. ಕಂಕುಳ ಕೆಳಗಿದ್ದ ಬೆಲ್ಟು ಭುಜ ಹೆಂಗೆ ಉಜ್ಜುತ್ತೆ ಅಂತ ಯೋಚನೆ ಮಾಡೋ ತಲೆನೂ ಇರಲಿಲ್ಲ, ಪಿಸಿಆರಲ್ಲಿ (ಪೇಷಂಟ್ ರೆಕಾರ್ಡಲ್ಲಿ) "ಲೆಫ್ಟ್ ಶೋಲ್ಡರ್ ಕಂಟ್ಯೂಷನ್", ಎಡಭುಜಕ್ಕೆ ಜಜ್ಜುಗಾಯ, ಅಂತ ಬರೆದು ಕೂಡ ಬಿಟ್ಟೆ. ಹೊಟ್ಟೆ ಒಳಗೆ ರಕ್ತ ತುಂಬಿ ಎದೆಗೂ ಹೊಟ್ಟೆಗೂ ನಡುವಿನ ಪರದೆಗೆ, ವಪೆಗೆ, ತಾಗಿದ್ರೆ ನೋವು ಭುಜದಲ್ಲಿ ಗೊತ್ತಾಗೋದು. ಮತ್ತೆ ನೀರು ಕೇಳಿದ್ರು. ಆಕಳಿಸಿದ್ರು, ಒಂದಲ್ಲ ಮೂರು ಸಲ. ರಾತ್ರಿ ಹನ್ನೆರಡೂವರೆ, ವಯಸ್ಸಾಗಿದೆ, ಮೈಸೂರೆಲ್ಲಾ ಸುತ್ತಿದ್ದಾರೆ, ನಿದ್ದೆ ಅಂದ್ಕೊಂಡೆ. ಕೈ ಮುಟ್ಟಿದೆ, ತಣ್ಣಗಿತ್ತು, ಒದ್ದೆ ಇತ್ತು. ಇಬ್ಬನಿ ಅಂದ್ಕೊಂಡೆ. ಯಾವ್ದಕ್ಕೂ ನನ್ನ ಹತ್ರ ಉತ್ತರ ರೆಡಿ.

"ಅಜ್ಜಿ ನಿದ್ದೆ ಮಾಡ್ತಾವ್ಳೆ" ಅಂದಿದ್ದು ಹುಡುಗ.

ತಿರುಗಿ ನೋಡಿದ್ರೆ ತಲೆ ಗಾಜಿಗೆ ಒರಗಿದೆ, ತುಟಿ ಸುಣ್ಣ ಬಳಿದಂಗೆ ಬಿಳಚ್ಕೊಂಡಿದೆ. ಕಫ್ 78/50. ಪಲ್ಸ್ ನೋಡಿದ್ರೆ ಇನ್ನೂ 76! ನಾನು ಮಾನಿಟರ್ ಕೆಟ್ಟಿದೆ ಅಂದ್ಕೊಂಡು ಕೈಯಲ್ಲಿ ಎಣಿಸಿದೆ, ಎಣಿಸಿದ್ರೂ ಅಷ್ಟೇ, ದಾರದ ಥರ ಸಣ್ಣಗೆ. ಹುಡುಗನ್ನ ಎತ್ತಿ ಅವರಪ್ಪನ ಎದೆ ಪಕ್ಕಕ್ಕೆ ಹಾಕ್ದೆ, ಅಜ್ಜೀನ ಬೆಂಚ್ ಮೇಲೆ ಮಲಗಿಸಿ ಕಾಲ ಕೆಳಗೆ ಎರಡು ಬ್ಲಾಂಕೆಟ್ ತುರುಕಿದೆ. 18 ಗೇಜ್ ಸೂಜಿ ಹೋಗ್ಲಿಲ್ಲ, ನರ ಎಲ್ಲಾ ಕುಸಿದಿದೆ. ಇನ್ನೊಂದು ಕೈ, ಹೋಗ್ಲಿಲ್ಲ. ಗಾಡಿ ಹಂಪ್ ಮೇಲೆ ಎಗರುತ್ತೆ, ನಾನು ಪೈಲಟ್ ಅಣ್ಣನಿಗೆ ನಿಧಾನ ಅಂತೀನಿ, ಮರುಕ್ಷಣ ಬೇಗ ಅಂತೀನಿ, ಅವರು ಕೊನೆಗೆ "ಯಾವ್ದಾರ ಒಂದ್ ಹೇಳೋ" ಅಂತ ರೇಗಿದ್ರು. ಮೂರನೇ ಸಲ 20 ಗೇಜ್ ಮೊಣಕೈ ಹತ್ರ ಸಿಕ್ತು, ಆರ್‌ಎಲ್ ಡ್ರಿಪ್ ಬಿಟ್ಟೆ. ಆಕ್ಸಿಜನ್ ಮಾಸ್ಕ್ ಮಗನ ಮುಖದ ಮೇಲಿತ್ತು, ಅವನೇ ಕಿತ್ತು ಕೊಟ್ಟ, "ನಂಗಲ್ಲ ಸಾರ್, ಅವ್ವಂಗೆ ಹಾಕಿ" ಅಂತ. ಅಲ್ಲಿಯವರೆಗೂ ಕಾಲು ನೋವು ಅಂತ ಕಿರುಚ್ತಿದ್ದೋನು ಆಮೇಲೆ ಉಸಿರೆತ್ತಲಿಲ್ಲ.

ಕ್ಯಾಶುಯಲ್ಟಿಗೆ ಫೋನಲ್ಲೇ ಹೇಳಿದ್ದೆ, ಬಾಗಿಲಲ್ಲೇ ನಿಂತಿದ್ರು. ಹ್ಯಾಂಡೋವರ್ ಕೊಡೋಕೆ ಶುರು ಮಾಡ್ದೆ, 68 ವರ್ಷ, ಆರ್‌ಟಿಎ (ರೋಡ್ ಆಕ್ಸಿಡೆಂಟ್), ಫ್ರಂಟ್ ಪ್ಯಾಸೆಂಜರ್, ಬಿಪಿ ಬಿದ್ದಿದೆ, ಪಲ್ಸ್ ಮಾತ್ರ ನಾರ್ಮಲ್ ಮೇಡಂ, ಯಾಕೋ ಗೊತ್ತಿಲ್ಲ. ಸೀನಿಯರ್ ಸಿಸ್ಟರ್ ಒಬ್ರು ನನ್ನ ಮಾತು ಮುಗಿಯೋಕೂ ಬಿಡದೆ ಅಜ್ಜಿ ಸೊಂಟದ ಎಲಡಿಕೆ ಚೀಲ ಬಿಚ್ಚಿ ಟ್ರೇ ಮೇಲೆ ಸುರಿದ್ರು. ಎಲೆ, ಅಡಿಕೆ ಹೋಳು, ಸುಣ್ಣದ ಡಬ್ಬಿ, ಇಪ್ಪತ್ತರ ಎರಡು ನೋಟು, ಮತ್ತೆ ಅರ್ಧ ಖಾಲಿಯಾಗಿದ್ದ ಒಂದು ಸ್ಟ್ರಿಪ್ಪು. ಮೆಟೊಪ್ರೊಲಾಲ್.

"ಮಾತ್ರೆ ಕೇಳಿದ್ಯಾ?" ಅಂದ್ರು.

ಕೇಳಿರಲಿಲ್ಲ. ಹಾರ್ಟ್ ಬಡಿತ ಕಮ್ಮಿ ಮಾಡೋ ಬಿಪಿ ಮಾತ್ರೆ ಅದು, ತಗೊಳೋರಿಗೆ ಮೈಯಲ್ಲಿ ರಕ್ತ ಖಾಲಿ ಆಗ್ತಿದ್ರೂ ಹಾರ್ಟ್ ಓಡಲ್ಲ, ಓಡೋಕೆ ಮಾತ್ರೆ ಬಿಡಲ್ಲ, 74 ಅನ್ನೋದು ಅಜ್ಜೀದಲ್ಲ, ಮಾತ್ರೇದು. ಅವ್ವಂಗೆ ಯಾವಾಗ್ಲೂ ಬಿಪಿ ನೂರ ಅರವತ್ತರ ಮೇಲೇ ಸಾರ್ ಅಂತ ಮಗ ಸ್ಟ್ರೆಚರಿಂದ ಹೇಳ್ದ. 160 ಇರೋರಿಗೆ 108 ಅಂದ್ರೆ ಏನು? ಸರ್ವಿಸ್ ರೋಡಲ್ಲೇ ಅವರು ಶಾಕಲ್ಲಿದ್ರು, ಅಂದ್ರೆ ಒಳಗೆ ರಕ್ತ ಹೋಗಿ ಬಿಪಿ ಆಗ್ಲೇ ಕುಸೀತಿತ್ತು. ಅರವತ್ತೈದು ದಾಟಿದೋರಲ್ಲಿ ಮೇಲಿನ ಬಿಪಿ 110ಕ್ಕಿಂತ ಕೆಳಗಿದ್ರೆ ಅನುಮಾನ ಪಡಿ ಅಂತ ರಿಫ್ರೆಶರಲ್ಲಿ ಹೇಳಿದ್ರು, ಸ್ಯಾಂಪಲ್ ಹಿಸ್ಟರಿ, ಅಂದ್ರೆ ಪೇಷಂಟ್ ಹತ್ರ ಕೇಳಬೇಕಾದ್ದರ ಪಟ್ಟಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿ ಅಂದಾಗ ಕ್ಲಾಸಲ್ಲಿ ಫಸ್ಟ್ ಕೈ ಎತ್ತಿದೋನು ನಾನೇ. ಎಂ ಫಾರ್ ಮೆಡಿಕೇಷನ್ ಸಾರ್ ಅಂತ.

ಫಾಸ್ಟ್ ಅನ್ನೋ ಅಲ್ಟ್ರಾಸೌಂಡ್ ಸ್ಕ್ಯಾನಲ್ಲಿ ಹೊಟ್ಟೆ ತುಂಬ ರಕ್ತ. ಅರ್ಧ ಗಂಟೇಲಿ ಓಟಿಗೆ ತಗೊಂಡ್ರು, ಸ್ಪ್ಲೀನ್ ತೆಗೆದ್ರು. ಬದುಕಿದ್ರು.

ಮಾರನೇ ದಿನ ಆಫೀಸಿಂದ ಫೋನ್ ಬಂತು. ಅಜ್ಜಿ ವಿಷಯ ಇರಬಹುದು ಅಂತ ಎದೆ ಗಟ್ಟಿ ಮಾಡ್ಕೊಂಡೆ. ಕೇಳಿದ್ದು, ಸೀನ್ ಟೈಮ್ (ಆಕ್ಸಿಡೆಂಟ್ ಜಾಗದಲ್ಲಿ ನಿಂತ ಹೊತ್ತು) 14 ನಿಮಿಷ ಯಾಕಾಯ್ತು, ಮತ್ತೆ ಕಿಲೋಮೀಟರ್ ರೀಡಿಂಗಲ್ಲಿ 2 ವ್ಯತ್ಯಾಸ ಬರ್ತಿದೆ. ಅಷ್ಟೇ. ಪಿಸಿಆರ್ ಆಡಿಟಲ್ಲಿ ಆ ಕೇಸ್ ಪಾಸ್, ಯಾಕಂದ್ರೆ ಎಲ್ಲಾ ಕಾಲಂ ತುಂಬಿದ್ದೆ. ಮೆಡಿಕೇಷನ್ ಕಾಲಂ ಬಿಟ್ಟು, ಅದು ಮ್ಯಾಂಡೇಟರಿ ಅಲ್ಲ, ಖಾಲಿ ಬಿಟ್ರೂ ಸಬ್ಮಿಟ್ ಆಗುತ್ತೆ. ಓಡೋಮೀಟರ್ ತುಂಬದೇ ಇದ್ರೆ ಮಾತ್ರ ಮುಂದಕ್ಕೇ ಹೋಗಲ್ಲ. ಸಾರ್ ಇದನ್ನ ತಿರುಗಾಮುರುಗಾ ಮಾಡಿಸಿ, ವಯಸ್ಸು ನೋಡಿ ಬಣ್ಣ ತೋರಿಸೋ ಹಂಗೆ ಮಾಡಿಸಿ ಅಂತ ಮೂರು ಸಲ ಬರೆದಿದ್ದೀನಿ, ವೆಂಡರ್‌ಗೆ ಹೇಳಿದೀವಿ ಅಂತಾರೆ. ನಾನು ಈಗ ಟ್ಯಾಬಿನ ಆ ಮೂಲೆ ಮೇಲೆ ಪ್ಲಾಸ್ಟರ್ ಅಂಟಿಸ್ಕೊಂಡಿದ್ದೀನಿ, ಬಣ್ಣ ಕಾಣಬಾರದು ಅಂತ. ಪ್ಲಾಸ್ಟರ್ ಮೇಲೆ ಪೆನ್ನಲ್ಲಿ "ಚೀಲ" ಅಂತ ಬರೆದಿದೆ. ಹೊಸ ಹುಡುಗರು ಏನಣ್ಣ ಇದು ಅಂತಾರೆ. ಮುದುಕರು ಸಿಕ್ಕಿದ್ರೆ ಎಲಡಿಕೆ ಚೀಲ, ಬನೀನು ಜೇಬು, ಸೆರಗಿನ ಗಂಟು, ಎಲ್ಲಾ ನೋಡ್ರೋ ಅಂತೀನಿ, ನಗ್ತಾರೆ.

ಎರಡು ದಿನ ಬಿಟ್ಟು ಗಾಡಿ ಚೆಕ್‌ಲಿಸ್ಟ್ ಮಾಡ್ತಿದ್ದಾಗ ಬೆಂಚಿನ ಕೆಳಗೆ ಆ ಬಳೆ ಕವರ್ ಸಿಕ್ತು, ಹಸಿರು ಗಾಜಿನ ಬಳೆ, ಎರಡು ಒಡೆದಿದ್ವು. ಅಜ್ಜಿ ವಾರ್ಡಿಗೆ ಬರೋ ತಂಕ ಕಾದು ಒಂದು ಮಧ್ಯಾಹ್ನ ತಗೊಂಡು ಹೋದೆ. ಸೊಸೆ ಕೈಗೆ ಪಟ್ಟಿ ಹಾಕ್ಕೊಂಡು ಪಕ್ಕದಲ್ಲಿ ಕೂತಿದ್ಲು, ಅವತ್ತು ನನ್ನ ಕಾಲರ್ ಹಿಡಿದಿದ್ದು ನೆನಪಾಗಿ ನಾಚ್ಕೊಂಡ್ಲು. "ಇವ್ರೇ ಕಣತ್ತೆ ಅವತ್ತು ಆಂಬುಲೆನ್ಸಲ್ಲಿ ನಿಮ್ಮನ್ನ ಉಳಿಸಿದ್ದು" ಅಂತ ಪರಿಚಯ ಬೇರೆ ಮಾಡಿಸಿದ್ಲು. ನನಗೆ ಎಲ್ಲಿ ನೋಡೋದು ಅಂತ ಗೊತ್ತಾಗ್ಲಿಲ್ಲ.

ಅಜ್ಜಿ ಬಳೆ ಕವರ್ ತಗೊಂಡು, ಒಂದೊಂದೇ ಎಣಿಸಿ, ಒಡೆದಿದ್ದು ಪಕ್ಕಕ್ಕಿಟ್ಟು, ಆಮೇಲೆ ತಲೆ ಎತ್ತಿ ನನ್ನ ಮುಖ ಸರಿಯಾಗಿ ನೋಡಿದ್ರು.

"ಓ, ನೀನಾ? ವಸಿ ನೀರ್ ಕೇಳುದ್ರೆ ಕೊಡ್ದೇ ಹೋದೆಯಲ್ಲ ಮಗ."