ಚೆಂಡು ಅಲುಗುವ ಮುಂಚಿನ ನಾಲ್ಕು ಸೆಕೆಂಡು

ದಾವಣಗೆರೆಯಲ್ಲಿ ಅಪ್ಪ ನೆಂಟರಿಗೆಲ್ಲ "ಮಗ ಅಮೆರಿಕದಲ್ಲಿ ಫುಟ್‌ಬಾಲ್ ತಂಡದಲ್ಲಿದ್ದಾನೆ" ಎಂದು ಹೇಳಿ ಸುಮ್ಮನಾಗುತ್ತಾರೆ. ನನ್ನ ತೂಕ 61 ಕಿಲೋ. ತಂಡದಲ್ಲಿರುವುದು ಸುಳ್ಳಲ್ಲ, ಆದರೆ ಕ್ಯಾಮೆರಾದ ಹಿಂದೆ. ಸ್ನಾತಕೋತ್ತರ ಓದಲು ಬಂದವನು ವಿಶ್ವವಿದ್ಯಾಲಯದ ತಂಡದ ವಿಡಿಯೊ ವಿಭಾಗದಲ್ಲಿ ಅರೆಕಾಲಿಕ ಕೆಲಸ ಹಿಡಿದೆ. ಅಭ್ಯಾಸ ಮತ್ತು ಪಂದ್ಯಗಳನ್ನು ಚಿತ್ರೀಕರಿಸಿ, ಒಂದೊಂದು ಆಟವನ್ನೂ ಬೇರೆ ತುಣುಕಾಗಿ ಕತ್ತರಿಸಿ, ಹೆಸರು ಹಚ್ಚಿ, ತರಬೇತುದಾರರ ಪರದೆಗೆ ಮುಟ್ಟಿಸುವುದು ನನ್ನ ಪಾಲಿನ ಕೆಲಸ.

ಇಲ್ಲಿನ ಫುಟ್‌ಬಾಲ್ ನಮ್ಮ ಶಾಲೆಯ ಮೈದಾನದಲ್ಲಿ ಒದೆಯುತ್ತಿದ್ದ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡು, ಹೆಲ್ಮೆಟ್, 100 ಗಜದ ಅಂಕಣ, ಎರಡೂ ಕಡೆ ಹನ್ನೊಂದು ಹನ್ನೊಂದು ಮಂದಿ. ಒಂದು ಆಟ ಐದಾರು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಎಲ್ಲರೂ ಎದ್ದು ಮೈ ಕೊಡವಿಕೊಂಡು ಮತ್ತೆ ಸಾಲುಗಟ್ಟುತ್ತಾರೆ. ಚೆಂಡಿನ ಎದುರಿಗೇ ಒಂದು ಕೈ ನೆಲಕ್ಕೂರಿ ಬಾಗಿ ನಿಲ್ಲುವ ದೈತ್ಯರೇ ಡಿಫೆನ್ಸಿವ್ ಲೈನ್‌ಮನ್‌ಗಳು. ಸಾಲಿನಲ್ಲಿ ನಾಲ್ವರೇ ನಿಂತರೂ ಏಳೆಂಟು ಮಂದಿಯನ್ನು ಸರದಿಯಂತೆ ಇಳಿಸುತ್ತಾರೆ. ಅಷ್ಟು ಭಾರದ ದೇಹ ಹೊತ್ತು ಇಡೀ ಪಂದ್ಯ ಬಿಡುವಿಲ್ಲದೆ ಯಾರೂ ಗುದ್ದಾಡಲಾರರು. ಹೊಸಬರ ಆಸೆಯೆಲ್ಲ ಆ ಸರದಿಯ ಮೇಲೆಯೇ.

2023ರ ಆಗಸ್ಟಿನಲ್ಲಿ ಬಂದ ಹೊಸ ಲೈನ್‌ಮನ್‌ಗಳಲ್ಲಿ ನಾನು ಹೇಳಹೊರಟ ಹುಡುಗನೂ ಒಬ್ಬ. ಹದಿನೆಂಟು ವರ್ಷ, 122 ಕಿಲೋ. ಎದುರಾಳಿ ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಅವನನ್ನು ಕೆಡವುವುದಕ್ಕೆ ಸ್ಯಾಕ್ ಎನ್ನುತ್ತಾರೆ. ಹೈಸ್ಕೂಲಿನಲ್ಲಿ ಹುಡುಗ ಹೆಸರು ಮಾಡಿದ್ದು ಅದರಲ್ಲೇ. ಅವನ ಬಳಿ ಇದ್ದದ್ದು ಒಂದೇ ಪಟ್ಟು: ಎದುರಿನವನ ಭುಜಕ್ಕೆ ಒಂದು ಕೈ ಕೊಟ್ಟು, ಇನ್ನೊಂದು ತೋಳನ್ನು ಈಜುವವನಂತೆ ಅವನ ತಲೆಯ ಮೇಲಿಂದ ಬೀಸಿ ದಾಟಿಬಿಡುವುದು. ತನಗಿಂತ ಗಿಡ್ಡ ಹುಡುಗರ ಮೇಲೆ ಅದು ನಡೆದಿತ್ತು. ಇಲ್ಲಿ ಎದುರಿಗೆ ನಿಲ್ಲುವವರು 22 ವರ್ಷದ, 140 ಕಿಲೋ ತೂಕದ ಗಂಡಸರು. ತೋಳೆತ್ತಿದ ಗಳಿಗೆಯಲ್ಲಿ ಪಕ್ಕೆ ಬಯಲಾಗುತ್ತದೆ, ಸೊಂಟ ಮೇಲೇಳುತ್ತದೆ. ಆ ಪಕ್ಕೆಗೆ ಎರಡು ಅಂಗೈ ಬಿದ್ದರೆ ಮುಗಿಯಿತು, ಹುಡುಗ ನಾಲ್ಕು ಗಜ ಹಿಂದೆ ಅಂಗಾತ ಬಿದ್ದಿರುತ್ತಿದ್ದ. ಗರಡಿಯಲ್ಲಿ ಬೆಳೆದ ನನ್ನ ಚಿಕ್ಕಪ್ಪನಿಗೆ ಫೋನಿನಲ್ಲಿ ಇದನ್ನು ಬಣ್ಣಿಸಿದೆ. "ಎದೆ ತೆರೆದು ನಿಂತವನನ್ನು ಕೆಡವಲು ಪೈಲ್ವಾನನೇ ಬೇಕೇ?" ಎಂದು ನಕ್ಕರು.

ಸೆಪ್ಟೆಂಬರಿನ ಒಂದು ಸಂಜೆ ಆ ಹುಡುಗ ನನ್ನ ಕೋಣೆಯ ಬಾಗಿಲಿಗೆ ಬಂದ. ಬಾಗಿಲು ತುಂಬಿಹೋಯಿತು. ತನ್ನ ಒಳ್ಳೆಯ ಆಟಗಳನ್ನೆಲ್ಲ ಒಂದೆಡೆ ಸೇರಿಸಿ ಕೊಡಬಹುದೇ, ಲೈನ್ ಕೋಚ್‌ಗೆ ತೋರಿಸಬೇಕು ಎಂದ. ನಾನೂ ಹೊಸಬ, ಅವನೂ ಹೊಸಬ. ಕರುಳು ಚುರುಕ್ ಎಂದಿತು. ಎರಡು ವಾರದ ಅಭ್ಯಾಸವನ್ನು ಜಾಲಾಡಿ ಹನ್ನೊಂದು ತುಣುಕು ಹೆಕ್ಕಿ ಕೊಟ್ಟೆ. ಮರುದಿನ ಕೋಚ್ ನನ್ನನ್ನೇ ಕರೆಸಿದರು. ಎರಡು ತುಣುಕು ನೋಡಿ ನಿಲ್ಲಿಸಿದರು.

"ಉಳಿದವು ಎಲ್ಲಿ?"

"ಒಟ್ಟು ಹನ್ನೊಂದೇ ಇರುವುದು."

"ಈ ಎರಡು ವಾರದಲ್ಲಿ ಅವನು ಇನ್ನೂರು ಆಟ ಆಡಿದ್ದಾನೆ. ನನಗೆ ಆ 189 ಬೇಕು. ಅದರಲ್ಲೂ ಚೆಂಡು ಅವನ ಕಡೆ ಬಾರದವು ಮೊದಲು."

ಬೈಗುಳ ಇರಲಿಲ್ಲ, ಆದರೂ ಕಿವಿ ಬಿಸಿಯಾಯಿತು. ತರಬೇತುದಾರರು ಆಟಗಾರನಿಗೆ ಅಂಕ ಹಾಕುವುದು ಹೇಗೆಂದು ಅಂದು ಸರಿಯಾಗಿ ತಿಳಿಯಿತು. ಪ್ರತಿ ಆಟಕ್ಕೂ ಒಂದು ಕೂಡು ಅಥವಾ ಒಂದು ಕಳೆ. ಹೇಳಿದ ಜಾಗದಲ್ಲಿ ನಿಂತನೇ? ತನ್ನ ಪಾಲಿನ ಸಂದನ್ನು ಕಾದನೇ? ಚೆಂಡು ಆಚೆ ಕಡೆ ಓಡಿದಾಗಲೂ ಬೆನ್ನಟ್ಟಿದನೇ? ಸ್ಯಾಕ್ ಮಾಡಿದರೂ ಕಳೆ ಬೀಳಬಹುದು. ಕಾಯಬೇಕಾದ ಸಂದು ಬಿಟ್ಟು ಅಡ್ಡದಾರಿಯಲ್ಲಿ ನುಗ್ಗಿದ್ದರೆ ಅಂದು ಅದೃಷ್ಟ, ಮುಂದಿನ ವಾರ ಅದೇ ಸಂದಿನಿಂದ ಎದುರಾಳಿ ಓಡಿಹೋಗುತ್ತಾನೆ. ನಾನು ಹೆಕ್ಕಿದ ಹನ್ನೊಂದರಲ್ಲಿ ಮೂರಕ್ಕೆ ಕಳೆ ಬಿದ್ದಿತ್ತು.

ಅಸಲು ತಪ್ಪು ಬೆಳಕಿಗೆ ಬಂದದ್ದು ಮುಂದಿನ ವಾರ. 189ನ್ನೂ ಜೋಡಿಸಿ ಕೊಟ್ಟಿದ್ದೆ. ಕೋಚ್ ಇಪ್ಪತ್ತು ನೋಡಿದ ಮೇಲೆ ಕೇಳಿದರು: "ಚೆಂಡು ಅಲುಗುವ ಮುಂಚೆ ಇವನು ಏನು ಮಾಡುತ್ತಿರುತ್ತಾನೆ?"

ನನ್ನ ತುಣುಕುಗಳಲ್ಲಿ ಅದು ಇರಲೇ ಇಲ್ಲ. ಚೆಂಡು ಅಲುಗಿ ಆಟ ಶುರುವಾದ ಚೌಕಟ್ಟಿನಿಂದಲೇ ಕತ್ತರಿಸುವ ಅಭ್ಯಾಸ ಮಾಡಿಕೊಂಡಿದ್ದೆ. ಅದಕ್ಕೆ ಕಾರಣವೂ ಇತ್ತು. ವಿದ್ಯಾರ್ಥಿ ವೀಸಾದಲ್ಲಿರುವವನು ತರಗತಿಗಳು ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. (ತಮಾಷೆಯೆಂದರೆ, ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮದಂತೆ ಆಟಗಾರರಿಗೂ ಋತುವಿನಲ್ಲಿ ವಾರಕ್ಕೆ 20 ಗಂಟೆಯೇ. ಪಂದ್ಯ ಎಷ್ಟು ಹೊತ್ತು ನಡೆದರೂ ಮೂರು ಗಂಟೆಯೆಂದೇ ಲೆಕ್ಕ. ನನಗೆ ಆ ರಿಯಾಯಿತಿ ಇಲ್ಲ.) ಒಂದೊಂದು ತುಣುಕಿನ ತಲೆ ಸವರಿದರೆ ಕಡತ ಚಿಕ್ಕದಾಗುತ್ತದೆ, ಬೇಗ ಏರುತ್ತದೆ, ನಾನು ಸಮಯಕ್ಕೆ ಎದ್ದು ಹೋಗಬಹುದು. ಎಲ್ಲರೂ ಕಾಲು ಬಾಗಿಸಿ ಕಾಯುತ್ತಿರುವುದನ್ನು ನೋಡುವುದರಲ್ಲಿ ಏನಿದೆ ಎಂದುಕೊಂಡಿದ್ದೆ.

ಮೂಲ ಚಿತ್ರಿಕೆ ತೆರೆದು ಕುಳಿತೆ. ಹಿಂಬದಿಯ ಅಟ್ಟಣಿಗೆಯ ಕ್ಯಾಮೆರಾದಲ್ಲಿ ಅವನ ಬೆನ್ನು, ಹಿಮ್ಮಡಿ, ನೆಲಕ್ಕೂರಿದ ಬಲಗೈ ಸ್ಪಷ್ಟವಾಗಿ ಕಾಣುತ್ತವೆ. ಒಂದು ಗಂಟೆ ಏನೂ ತೋಚಲಿಲ್ಲ. ಆಮೇಲೆ ಕಂಡದ್ದನ್ನು ಕಾಣದೆ ಇರುವುದು ಸಾಧ್ಯವೇ ಆಗಲಿಲ್ಲ. ಎದುರಾಳಿ ಚೆಂಡು ಹಿಡಿದು ಓಡುವ ಓಟವನ್ನು ತಡೆಯಬೇಕೆಂದು ಅವನು ಅಂದುಕೊಂಡಾಗ ಎರಡೂ ಪಾದ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ, ಬೆರಳುಗಳು ಹುಲ್ಲನ್ನು ಸುಮ್ಮನೆ ಸವರಿದಂತೆ. ಕ್ವಾರ್ಟರ್‌ಬ್ಯಾಕಿನ ಮೇಲೆ ನುಗ್ಗಬೇಕೆಂದಾಗ ಬಲಗಾಲು ಒಂದು ಗೇಣು ಹಿಂದೆ ಸರಿಯುತ್ತಿತ್ತು, ಭಾರವೆಲ್ಲ ಕೈಮೇಲೆ ಬಿದ್ದು ಹಿಂಭಾಗ ಮೇಲೆದ್ದಿರುತ್ತಿತ್ತು. ತಾನು ಏನು ಮಾಡಲಿದ್ದೇನೆಂದು ಪ್ರತಿ ಸಲ ಡಂಗುರ ಸಾರಿ ಹೊರಡುತ್ತಿದ್ದ.

ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವವನೇ ಸೆಂಟರ್. ಅಭ್ಯಾಸದಲ್ಲಿ ಹುಡುಗನ ಎದುರಿಗೆ ನಿಲ್ಲುವ ನಮ್ಮದೇ ತಂಡದ ಸೆಂಟರ್, ಐದನೇ ವರ್ಷದವನು, ಊಟದ ಮನೆಯಲ್ಲಿ ಸಿಕ್ಕಾಗ ಮೆಲ್ಲಗೆ ಕೇಳಿದೆ, ಇದು ನಿನಗೆ ಗೊತ್ತಿತ್ತೇ ಎಂದು. "ಮೊದಲ ದಿನದಿಂದ," ಎಂದ, ತಟ್ಟೆಯಿಂದ ತಲೆ ಎತ್ತದೆ. "ಹೇಳಿದರೆ ನನ್ನ ದಿನ ಕಷ್ಟವಾಗುತ್ತದಲ್ಲ!"

ರಿಪೇರಿ ಬೇಸರ ಹುಟ್ಟಿಸುವಂಥದ್ದು. ಕೋಲಿನ ತುದಿಗೆ ಸಿಕ್ಕಿಸಿದ ಚೆಂಡನ್ನು ಹಿಡಿದು ಕೋಚ್ ಮಂಡಿಯೂರುತ್ತಿದ್ದರು. ಬಾಯಲ್ಲಿ ಏನೇನೋ ಕೂಗುತ್ತಿದ್ದರು. ಕೂಗಿಗೆ ಕದಲಬಾರದು, ಕೋಲು ಕದಲಿದಾಗಲೇ ಹೊರಡಬೇಕು. ಅದು ಎಲ್ಲರಿಗೂ ಇರುವ ಪಾಠ. ಇವನಿಗೆ ಇನ್ನೊಂದು ಹೆಚ್ಚುವರಿ ಪಾಠ. ಅಭ್ಯಾಸ ಮುಗಿದ ಮೇಲೆ ಹತ್ತು ನಿಮಿಷ, ನಾನು ಕ್ಯಾಮೆರಾವನ್ನು ಅವನ ಕಾಲಿಗಷ್ಟೇ ಹಿಡಿಯಬೇಕು. ಅವನು ಮನಸ್ಸಿನಲ್ಲಿ "ಓಟ" ಅಥವಾ "ನುಗ್ಗು" ಎಂದುಕೊಂಡು ನಿಲುವು ಹಾಕಬೇಕು, ಕೋಚ್ ಊಹಿಸಬೇಕು. ಮೊದಲ ದಿನ ಇಪ್ಪತ್ತಕ್ಕೆ ಹದಿನೆಂಟು ಸರಿಯಾಗಿ ಹೇಳಿದರು. ಹುಡುಗನ ಮುಖ ಸಪ್ಪಗಾಯಿತು. ಅಕ್ಟೋಬರ್ ಮುಗಿಯುವ ಹೊತ್ತಿಗೆ ಹತ್ತು ಸರಿ, ಹತ್ತು ತಪ್ಪು. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. ಈ ನಡುವೆ ದಿನಕ್ಕೆ ಆರು ಹೊತ್ತು ಉಂಡು 127 ಕಿಲೋ ಮುಟ್ಟಿದ್ದ. ಅಮ್ಮನಿಗೆ ಹೇಳಿದರೆ, ಅಷ್ಟನ್ನೂ ಅರಗಿಸಿಕೊಳ್ಳುತ್ತಾನೆಯೇ ಎಂಬುದೊಂದೇ ಅವಳ ಚಿಂತೆ.

ಅವನನ್ನು ಆಡಿಸುವುದರಲ್ಲಿ ಒಂದು ಲೆಕ್ಕವೂ ಇತ್ತು. 2018ರಲ್ಲಿ ಬಂದ ನಿಯಮದಂತೆ, ಒಂದು ಋತುವಿನಲ್ಲಿ ನಾಲ್ಕು ಪಂದ್ಯಗಳವರೆಗೆ ಆಡಿದರೂ ಆಟಗಾರ ಆ ವರ್ಷವನ್ನು ಉಳಿಸಿಕೊಳ್ಳಬಹುದಿತ್ತು. ಇದಕ್ಕೆ ರೆಡ್‌ಶರ್ಟ್ ಎನ್ನುತ್ತಾರೆ. ಐದನೆಯದಕ್ಕೆ ಕಾಲಿಟ್ಟರೆ, ಕಾಲೇಜಿನಲ್ಲಿ ಆಡಲು ಅವನಿಗಿದ್ದ ನಾಲ್ಕು ಋತುಗಳಲ್ಲಿ ಒಂದು ಖರ್ಚು. ನವೆಂಬರಿನ ಮೊದಲ ವಾರಕ್ಕೆ ಅವನ ನಾಲ್ಕೂ ಮುಗಿದಿದ್ದವು, ಒಂದೊಂದರಲ್ಲೂ ನಾಲ್ಕಾರು ಆಟ. ಅಲ್ಲಿಗೆ ನಿಲ್ಲಿಸಿ ಮುಂದಿನ ವರ್ಷಕ್ಕೆ ಕಾಯಿಸುವುದು ವಾಡಿಕೆ. ಮುಂದಿನ ಪಂದ್ಯದ ಎರಡನೇ ಕ್ವಾರ್ಟರಿನಲ್ಲಿ ಕೋಚ್ ಅವನ ಹೆಗಲು ತಟ್ಟಿ ಒಳಗೆ ಕಳಿಸಿದಾಗ, ಅಟ್ಟಣಿಗೆಯ ಮೇಲೆ ಚಳಿಗೆ ಮರಗಟ್ಟಿದ್ದ ನನ್ನ ಬೆರಳು ಜೂಮ್ ಗುಂಡಿಯ ಮೇಲೆ ತಪ್ಪಿ ಜಾರಿತು.

ಅಂದು ಅವನು 21 ಆಟ ಆಡಿದ. ಅಂಕಿಅಂಶದ ಹಾಳೆಯಲ್ಲಿ ಅವನ ಹೆಸರಿನ ಮುಂದೆ ಒಂದೂ ಸ್ಯಾಕ್ ಇಲ್ಲ, ಚೆಂಡು ಹಿಡಿದವನನ್ನು ಕೆಡವಿದ ಒಂದೂ ಟ್ಯಾಕಲ್ ಇಲ್ಲ. ಭಾನುವಾರ ಕೋಚ್ ಇಡೀ ಸಾಲಿನ ಹುಡುಗರಿಗೆ ಮೂರು ಸಲ ತೋರಿಸಿದ್ದು ಅವನ ಒಂದು ತುಣುಕನ್ನು. ಎದುರಾಳಿಗಳ ಸೆಂಟರ್ ಮತ್ತು ಪಕ್ಕದಲ್ಲಿ ನಿಲ್ಲುವ ಗಾರ್ಡ್ ಇಬ್ಬರೂ ಸೇರಿ ಅವನ ಮೇಲೆ ಬೀಳುತ್ತಾರೆ. ಅವನು ತೋಳೆತ್ತುವುದಿಲ್ಲ. ಒಂದು ಮಂಡಿ ನೆಲಕ್ಕೆ ತಾಗುವಷ್ಟು ತಗ್ಗಿ, ಇಬ್ಬರ ನಡುವೆ ಬೆಣೆಯ ಹಾಗೆ ಸಿಕ್ಕಿಕೊಂಡು, ಅಲ್ಲಿಯೇ ಇರುತ್ತಾನೆ. ಅವನ ಬೆನ್ನ ಹಿಂದೆ ಎರಡನೇ ಸಾಲಿನಲ್ಲಿದ್ದ ನಮ್ಮ ಲೈನ್‌ಬ್ಯಾಕರ್‌ನನ್ನು ಮುಟ್ಟಲು ಯಾರೂ ಉಳಿದಿಲ್ಲ. ಚೆಂಡು ಹಿಡಿದು ಬಂದವನನ್ನು ಲೈನ್‌ಬ್ಯಾಕರ್ ಅಪ್ಪಿ ಕೆಡವುತ್ತಾನೆ, ಜನ ಅವನ ಹೆಸರು ಕೂಗುತ್ತಾರೆ. ನಮ್ಮವನು ರಾಶಿಯ ಅಡಿಯಿಂದ ಕೊನೆಗೆ ಎದ್ದು ಬರುತ್ತಾನೆ, ಹೆಲ್ಮೆಟ್ಟಿನ ಜಾಲರಿಯಲ್ಲಿ ಒಂದು ಹಿಡಿ ಹುಲ್ಲು.

ಆ ತುಣುಕು ಶುರುವಾಗುವುದು ಚೆಂಡು ಅಲುಗುವ ನಾಲ್ಕು ಸೆಕೆಂಡು ಮುಂಚೆ. ಪಾದ ಎರಡೂ ಸಮ, ಹಿಂಭಾಗ ತಗ್ಗಿದೆ, ಅವನು ಓಟಕ್ಕೆ ಕಾದಿದ್ದಾನೋ ನುಗ್ಗಲು ಕಾದಿದ್ದಾನೋ ನನಗೇ ಹೇಳಲಾಗುವುದಿಲ್ಲ.

ಈಗ ನನ್ನ ಎಲ್ಲ ತುಣುಕುಗಳೂ ಹಾಗೆಯೇ ಶುರುವಾಗುತ್ತವೆ. ಡಿಸ್ಕ್ ತುಂಬುತ್ತಿದೆ, ಕಡತಗಳನ್ನು ಚಿಕ್ಕದಾಗಿ ಕತ್ತರಿಸಿ ಎಂದು ತಾಂತ್ರಿಕ ವಿಭಾಗದಿಂದ ಎರಡು ಇಮೇಲ್ ಬಂದಿವೆ. ಎರಡಕ್ಕೂ ಉತ್ತರ ಬರೆದಿಲ್ಲ.